ಬಸ್ಸಿನಲ್ಲಿ ಪಕ್ಕದವರ ನಂಬಿಕೆಯನ್ನು ಪ್ರಶ್ನಿಸಬಹುದೇ?

ಓದುಗರ ಪ್ರಶ್ನೆ:

“ನಾನು ಕುಮಟಾದವನು, ವಯಸ್ಸು ಇಪ್ಪತ್ತೇಳು, ಕಾರವಾರದಲ್ಲಿ ಕೆಲಸ. ಅಪರಿಚಿತರನ್ನು ಮಾತಿಗೆಳೆದು, ಅವರ ನಂಬಿಕೆಗೆ ಆಧಾರವೇನೆಂದು ಸಮಾಧಾನದಿಂದ ಕೇಳುತ್ತ ಹೋಗುವ ವಿಡಿಯೊಗಳನ್ನು ನೋಡಿ, ನಾನೂ ಟ್ಯಾಗೋರ್ ಕಡಲತೀರದಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಹಾಗೆ ಮಾತನಾಡತೊಡಗಿದೆ. ಕೆಲವು ಸಲ ಚೆನ್ನಾಗಿಯೇ ಆಯಿತು. ಕಳೆದ ತಿಂಗಳು ಶಿರಸಿಯಿಂದ ಕುಮಟಾಕ್ಕೆ ಬರುವಾಗ ಪಕ್ಕದಲ್ಲಿ ಒಬ್ಬ ಅಜ್ಜ ಕುಳಿತಿದ್ದರು. ಮೊಮ್ಮಗನಿಗೆ ಕಾಮಾಲೆ, ನಾಟಿ ಔಷಧ ಒಯ್ಯುತ್ತಿದ್ದೇನೆ ಎಂದರು. ಅದರಿಂದಲೇ ಗುಣವಾಗುತ್ತದೆ ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ದನಿ ಎತ್ತರಿಸಲಿಲ್ಲ, ಗೇಲಿ ಮಾಡಲಿಲ್ಲ. ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಹಿಂದಿನ ಸೀಟಿನವರು ಬಾಯಿ ಹಾಕಿದರು. ‘ನಾಲ್ಕು ಅಕ್ಷರ ಕಲಿತ ಕೂಡಲೇ ಹಿರಿಯರನ್ನು ಪರೀಕ್ಷೆ ಮಾಡುತ್ತೀಯಾ?’ ಎಂದರು. ಅಜ್ಜ ಚೀಲವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ಕತಗಾಲದಲ್ಲಿ ಇಳಿಯುವಾಗಲೂ ನನ್ನ ಮುಖ ನೋಡಲಿಲ್ಲ. ‘ಊರ ಉಸಾಬರಿ ನಿನಗೇಕೆ, ಗುರುತಿಲ್ಲದವರನ್ನು ಮಾತನಾಡಿಸಿದರೆ ಯಾರಿಗೂ ಇಷ್ಟವಾಗುವುದಿಲ್ಲ’ ಎಂದು ಅಮ್ಮ ಬೈದಳು. ‘ಪುರಾವೆ ಕೊಟ್ಟಷ್ಟೂ ಜನ ಇನ್ನಷ್ಟು ಹಟ ಹಿಡಿಯುತ್ತಾರೆ, ಸಂಶೋಧನೆಯೇ ಹೇಳಿದೆ’ ಎನ್ನುತ್ತಾನೆ ಗೆಳೆಯ. ನಾನು ಮಾಡಿದ್ದು ತಪ್ಪೇ? ಇದನ್ನು ಬಿಟ್ಟುಬಿಡಬೇಕೇ? ಮುಂದೆ ಇಂಥ ಮಾತುಕತೆಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕೆಂದಿದ್ದೆ. ಅದು ಸರಿಯೇ?”

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಕಳವಳಗಳು ಹೆಣೆದುಕೊಂಡಿವೆ. ಸಮಾಧಾನದಿಂದ ಕೇಳಿದರೂ ಅಜ್ಜನಿಗೆ ಏಕೆ ನೋವಾಯಿತು ಎಂಬುದು ಒಂದು. ಆ ಮಗುವಿಗೆ ಏನಾಯಿತೋ ಎಂಬುದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ, ಆದರೂ ಓದುವವರಿಗೆ ಅದು ಕಾಣುತ್ತದೆ. ಕಾಲೇಜಿನಲ್ಲಿ ತರ್ಕಶಾಸ್ತ್ರ, ತತ್ತ್ವಶಾಸ್ತ್ರ ಕಲಿಸಿದವಳಾದ್ದರಿಂದ ಮೊದಲನೆಯದಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಎರಡನೆಯದರ ಬಗ್ಗೆ ತರ್ಕವನ್ನು ಬದಿಗಿಟ್ಟು ಆಡಬೇಕಾದ ಮಾತುಗಳಿವೆ, ಅವನ್ನೂ ಹೇಳುತ್ತೇನೆ.

ನಿಮ್ಮ ಪ್ರಶ್ನೆ ತಪ್ಪಲ್ಲ. ‘ಹೇಗೆ ಗೊತ್ತು?’ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ, ಕೇಳಿಸಿಕೊಂಡವರಿಗೆ ಉತ್ತರಿಸದಿರುವ ಹಕ್ಕೂ ಇದೆ. ಬಸ್ಸಿನಲ್ಲಿ ಕೆಟ್ಟದ್ದು ಬೇರೆಯೇ ಒಂದು ಸಂಗತಿ. ನಿಮ್ಮಿಬ್ಬರ ಮಾತಿಗೆ ಮೂರನೆಯವರ ಕಿವಿ ಬಿತ್ತು. ಆ ಕ್ಷಣದಿಂದ ಅಜ್ಜ ನಿಮಗೆ ಉತ್ತರ ಕೊಡುತ್ತಿರಲಿಲ್ಲ, ಇಡೀ ಬಸ್ಸಿಗೆ ಉತ್ತರ ಕೊಡುತ್ತಿದ್ದರು. ಮೊಮ್ಮಗನಿಗಾಗಿ ಘಟ್ಟ ಹತ್ತಿ ಹೋಗಿ ಬಂದ ಹಿರಿಯನೊಬ್ಬ ಹತ್ತಾರು ಜನರೆದುರು ‘ನನಗೆ ಗೊತ್ತಿಲ್ಲ’ ಎನ್ನಬೇಕಾದ ಸ್ಥಿತಿಗೆ ಬಂದು ನಿಂತಿದ್ದರು. ಅದನ್ನು ಅವರು ಹೇಳಲಾರದೆ ಮುಖ ತಿರುಗಿಸಿಕೊಂಡರು.

ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಸಭೆಯ ಶಕ್ತಿ ಏನೆಂದು ಹೇಳಿಕೊಡಬೇಕಾಗಿಲ್ಲ, ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯನ್ನು ಕೇಳಿಯೇ ಬೆಳೆದಿರುತ್ತೇವೆ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ‘ಮರೆಯಲ್ಲಿ ನಿಂತು ಹೊಡೆದೆಯೇಕೆ?’ ಎಂದು ರಾಮನನ್ನು ಕೇಳುತ್ತಾನೆ. ಅಲ್ಲಿಂದ ಮುಂದೆ ಗಂಟೆಗಟ್ಟಲೆ ಪಾತ್ರಗಳ ಮಾತನಾಡುವ ಇಬ್ಬರು ಅರ್ಥಧಾರಿಗಳು ಧರ್ಮ, ರಾಜನೀತಿ, ಮಿತ್ರನಿಗೆ ಕೊಟ್ಟ ಮಾತು ಎಂದು ವಾದ ಕಟ್ಟುತ್ತಾರೆ. ಮುಖಾಮುಖಿ ಕುಳಿತಿದ್ದರೂ ಇಬ್ಬರ ಗಮನವೂ ಸಭೆಯ ಮೇಲಿರುತ್ತದೆ. ಎದುರಿನವರ ಮಾತು ಕೇಳಿ ‘ಹೌದಲ್ಲ, ನಾನು ಹೀಗೆ ಯೋಚಿಸಿರಲಿಲ್ಲ’ ಎಂದು ಸುಮ್ಮನಾದರೆ ಪ್ರಸಂಗವೇ ನಿಂತುಹೋಗುತ್ತದೆ. ಆ ಕಲೆಯ ಮೇಲೆ ನನಗೆ ಅಪಾರ ಪ್ರೀತಿಯಿದೆ, ಅದರ ನಿಯಮವೇ ಅದು. ಆದರೆ ಅದೇ ನಿಯಮ ಬಸ್ಸಿನ ಸೀಟಿಗೆ ಬಂದರೆ, ಯೋಚಿಸುವ ಅವಕಾಶ ಇಬ್ಬರಿಗೂ ತಪ್ಪಿಹೋಗುತ್ತದೆ.

ನಮ್ಮ ಹಳೆಯ ತರ್ಕಶಾಸ್ತ್ರಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ನಿಜವನ್ನು ತಿಳಿಯಲೆಂದು ನಡೆಸುವುದು ವಾದ. ಗೆಲ್ಲಲೆಂದು ನಡೆಸುವುದು ಜಲ್ಪ. ತನ್ನದೆಂಬ ಯಾವ ನಿಲುವನ್ನೂ ಮುಂದಿಡದೆ ಎದುರಿನವರ ನಿಲುವನ್ನು ಬರೀ ಕೆಡವುತ್ತ ಹೋಗುವುದು ವಿತಂಡ. ಇಂದು ವಿತಂಡವಾದ ಎಂದರೆ ಮೊಂಡುವಾದ ಎಂದಷ್ಟೇ ಅರ್ಥ ಮಾಡುತ್ತೇವೆ. ಶಾಸ್ತ್ರದಲ್ಲಿ ಅದಕ್ಕೆ ಇನ್ನೂ ಸೂಕ್ಷ್ಮವಾದ ಅರ್ಥವಿದೆ, ಮತ್ತು ಅದು ನಿಮ್ಮ ವಿಡಿಯೊಗಳ ಪದ್ಧತಿಗೆ ಅಪಾಯಕಾರಿಯಾಗಿ ಹತ್ತಿರವಿದೆ. ಒಬ್ಬರು ಕೇಳುತ್ತಲೇ ಇರುವುದು, ಇನ್ನೊಬ್ಬರು ಸಮರ್ಥಿಸಿಕೊಳ್ಳುತ್ತಲೇ ಇರುವುದು, ಕೇಳುವವರು ತಮ್ಮದೇನನ್ನೂ ಪಣಕ್ಕಿಡದಿರುವುದು. ದನಿ ಎಷ್ಟೇ ಮೃದುವಾಗಿದ್ದರೂ ಈ ಏರ್ಪಾಟಿನಲ್ಲಿ ಕುಳಿತವರಿಗೆ ತಾವು ಕಟಕಟೆಯಲ್ಲಿದ್ದೇವೆ ಎನ್ನಿಸದೆ ಇರದು.

ವೈದ್ಯಗ್ರಂಥವಾದ ಚರಕಸಂಹಿತೆಯಲ್ಲಿಯೂ ಚರ್ಚೆಯ ಬಗ್ಗೆ ದೀರ್ಘವಾದ ಭಾಗವೊಂದಿದೆ, ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ. ಸ್ನೇಹದಿಂದ ಕೂಡಿ ಮಾತನಾಡುವುದು ಸಂಧಾಯ ಸಂಭಾಷೆ, ಎದುರುಬದುರಾಗಿ ನಿಂತು ವಾದಿಸುವುದು ವಿಗೃಹ್ಯ ಸಂಭಾಷೆ. ಎರಡನೆಯದಕ್ಕೆ ಇಳಿಯುವ ಮುನ್ನ ಎದುರಾಳಿಯನ್ನು ಮಾತ್ರವಲ್ಲದೆ ಪರಿಷತ್ತನ್ನೂ ಪರೀಕ್ಷಿಸಬೇಕು ಎನ್ನುತ್ತಾನೆ ಚರಕ. ಪರಿಷತ್ತು ಎಂದರೆ ಸುತ್ತ ಕುಳಿತು ಕೇಳುವವರು. ಅವರು ನಮ್ಮ ಕಡೆಯವರೇ, ಯಾರ ಕಡೆಯೂ ಅಲ್ಲದವರೇ, ಮೊದಲೇ ಎದುರು ಪಕ್ಷ ಹಿಡಿದವರೇ ಎಂದು ನೋಡಬೇಕು. ವಿರೋಧ ಕಟ್ಟಿಕೊಂಡು ಕುಳಿತ ಸಭೆಯಲ್ಲಿ ವಾದಕ್ಕೇ ಇಳಿಯಬಾರದು ಎಂಬುದು ಅವನ ಸಲಹೆ. ನಿಮ್ಮ ಹಿಂದಿನ ಸೀಟಿನವರು ಆ ಮೂರನೆಯ ವರ್ಗದವರು.

ಇದು ಹಳಬರ ಅನುಭವ ಮಾತ್ರವಲ್ಲ. 1955ರಲ್ಲಿ ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ ಎಂಬ ಮನೋವಿಜ್ಞಾನಿಗಳು ಗೆರೆಗಳ ಉದ್ದವನ್ನು ಅಂದಾಜು ಮಾಡಿಸುವ ಪ್ರಯೋಗವೊಂದನ್ನು ನಡೆಸಿದರು. ಕೆಲವರು ತಮ್ಮ ಅಂದಾಜನ್ನು ಹಾಳೆ ಎತ್ತಿದರೆ ಅಳಿಸಿಹೋಗುವ ಮಕ್ಕಳ ಹಲಗೆಯ ಮೇಲೆ ತಮಗಾಗಿ ಮಾತ್ರ ಬರೆದುಕೊಂಡರು. ಇನ್ನು ಕೆಲವರು ಕಾಗದದ ಮೇಲೆ ಬರೆದು ಸಹಿ ಹಾಕಿದರು. ಆಮೇಲೆ ಉಳಿದವರೆಲ್ಲ ಬೇರೆ ಉತ್ತರ ಹೇಳುತ್ತಿರುವಂತೆ ತೋರಿಸಿದಾಗ, ಸಹಿ ಹಾಕಿದವರು ಅಳಿಸುವ ಹಲಗೆಯವರಿಗಿಂತ ಗಟ್ಟಿಯಾಗಿ ತಮ್ಮ ಉತ್ತರಕ್ಕೆ ಅಂಟಿಕೊಂಡರು. ಬರೀ ಗೆರೆಯ ಉದ್ದದ ವಿಷಯದಲ್ಲಿಯೇ ಹೀಗಾದರೆ ಮನೆಯ ಮಗುವಿನ ಔಷಧದ ವಿಷಯದಲ್ಲಿ ಏನಾಗಬಹುದು, ಯೋಚಿಸಿ. ಬಸ್ಸಿನಲ್ಲಿ ನಾಲ್ಕು ಜನ ಕೇಳುವಂತೆ ಆಡಿದ ಮಾತು ಸಹಿ ಹಾಕಿದ ಕಾಗದವಿದ್ದಂತೆ, ಹಿಂದೆಗೆದುಕೊಳ್ಳುವುದು ಕಷ್ಟ.

ಬೀದಿಯಲ್ಲಿ ಪ್ರಶ್ನೆ ಕೇಳುವವರೆಲ್ಲರ ಹಿರಿಯಣ್ಣನಾದ ಸಾಕ್ರೆಟಿಸ್‌ನ ಕಥೆಯಲ್ಲೂ ಸಭೆಯ ಪಾತ್ರ ದೊಡ್ಡದು. ಕ್ರಿಸ್ತಪೂರ್ವ 399ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅಥೆನ್ಸಿನ ನ್ಯಾಯಾಲಯದ ಮುಂದೆ ನಿಂತಾಗ ಅವನೇ ಇದನ್ನು ಹೇಳಿಕೊಳ್ಳುತ್ತಾನೆ. ಬಿಡುವಿದ್ದ ಸಿರಿವಂತರ ಮಕ್ಕಳು ಅವನ ಹಿಂದೆ ಹಿಂದೆ ಬರುತ್ತಿದ್ದರು, ದೊಡ್ಡವರು ಉತ್ತರ ತಿಳಿಯದೆ ತಡವರಿಸುವುದನ್ನು ಕೇಳಿ ಖುಷಿಪಡುತ್ತಿದ್ದರು, ಆಮೇಲೆ ತಾವೂ ಹಾಗೆಯೇ ಬೇರೆಯವರನ್ನು ಪರೀಕ್ಷಿಸಲು ಹೋಗುತ್ತಿದ್ದರು. ಹೀಗೆ ಪರೀಕ್ಷೆಗೊಳಗಾದವರ ಸಿಟ್ಟು ಕೊನೆಗೆ ಸಾಕ್ರೆಟಿಸ್‌ನ ಮೇಲೆ ತಿರುಗಿತು. ಅವನಿಗೆ ಮರಣದಂಡನೆ ವಿಧಿಸಿದ್ದು ಘೋರ ಅನ್ಯಾಯ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಸಿಟ್ಟು ಹೇಗೆ ಹುಟ್ಟಿತು ಎಂಬುದನ್ನು ನಾವು ಕಣ್ಣುಬಿಟ್ಟು ನೋಡಬೇಕು.

ನೀವು ನೋಡಿದ ವಿಡಿಯೊಗಳ ಪದ್ಧತಿಗೆ ‘ಸ್ಟ್ರೀಟ್ ಎಪಿಸ್ಟೆಮಾಲಜಿ’ (ತಿಳಿವಿಗೆ ಆಧಾರವೇನೆಂದು ಬೀದಿಯಲ್ಲಿ ವಿಚಾರಿಸುವುದು) ಎಂಬ ಹೆಸರಿದೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಪೀಟರ್ ಬೊಗೋಸಿಯನ್ 2013ರಲ್ಲಿ ಅದನ್ನು ಪ್ರಚಾರಕ್ಕೆ ತಂದರು. ಮೊದಲಿಗೆ ಅದರ ಗುರಿ ಎದುರಿನವರ ದೈವನಂಬಿಕೆಯನ್ನು ಸಡಿಲಿಸುವುದೇ ಆಗಿತ್ತು. ಆಮೇಲೆ ಬಂದವರಲ್ಲಿ ಹಲವರು ಅದನ್ನು ಯಾವ ನಂಬಿಕೆಯನ್ನಾದರೂ ಜತೆಗೂಡಿ ಪರಿಶೀಲಿಸುವ ಮಾತುಕತೆಯಾಗಿ ಬೆಳೆಸಿದ್ದಾರೆ. ಮೂಲದ ಗುರಿ ಮಾತ್ರ ಇನ್ನೂ ಎಷ್ಟೋ ವಿಡಿಯೊಗಳಲ್ಲಿ ಇಣುಕುತ್ತದೆ. ಅಜ್ಜನನ್ನು ಕೇಳುವಾಗ ಉತ್ತರವನ್ನು ನೀವು ಮೊದಲೇ ತೀರ್ಮಾನಿಸಿಕೊಂಡಿದ್ದಿರಾ? ಅವರು ಬಲವಾದ ಕಾರಣ ಕೊಟ್ಟಿದ್ದರೆ ನಿಮ್ಮ ಅಭಿಪ್ರಾಯ ಒಂದಿಷ್ಟಾದರೂ ಅಲುಗಾಡುತ್ತಿತ್ತೇ? ಇದನ್ನು ನೀವೇ ನಿಮ್ಮನ್ನು ಕೇಳಿಕೊಳ್ಳಬೇಕು. ಇಲ್ಲ ಎಂದಾದರೆ ನಿಮ್ಮದು ಪ್ರಶ್ನೆಯ ವೇಷದಲ್ಲಿದ್ದ ತೀರ್ಪು. ಮಾತಿನ ವೇಷಗಳನ್ನು ಗುರುತಿಸುವುದರಲ್ಲಿ ಹಳ್ಳಿಯ ಹಿರಿಯರು ನಮಗಿಂತ ಚುರುಕು.

ಈಗ ನಿಮ್ಮ ಗೆಳೆಯನ ಮಾತಿಗೆ ಬರುತ್ತೇನೆ. ಪುರಾವೆ ಕೊಟ್ಟಷ್ಟೂ ಜನ ಹಟ ಹಿಡಿಯುತ್ತಾರೆ ಎಂಬುದಕ್ಕೆ ಮೂಲ 2010ರ ಒಂದು ಅಧ್ಯಯನ. ಬ್ರೆಂಡನ್ ನೈಹನ್ ಮತ್ತು ಜೇಸನ್ ರೈಫ್ಲರ್ ಕೆಲವು ರಾಜಕೀಯ ಸುಳ್ಳುಗಳನ್ನು ತಿದ್ದಿ ತೋರಿಸಿದಾಗ, ಕೆಲವರಲ್ಲಿ ಆ ಸುಳ್ಳಿನ ಮೇಲಿನ ನಂಬಿಕೆ ಇನ್ನಷ್ಟು ಬಲವಾದದ್ದು ಕಂಡಿತ್ತು. ಆ ಮಾತು ಜಗತ್ತಿನಾದ್ಯಂತ ಹಬ್ಬಿತು. ಆದರೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಹತ್ತಾರು ವಿಷಯಗಳ ಮೇಲೆ, ಸಾವಿರಾರು ಜನರ ಮೇಲೆ ಇದನ್ನು ಮತ್ತೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ತಿರುಗುಬಾಣ ಅವರಿಗೆ ಹೆಚ್ಚುಕಡಿಮೆ ಎಲ್ಲಿಯೂ ಸಿಗಲಿಲ್ಲ. ಸರಿಯಾದ ಮಾಹಿತಿ ಕೊಟ್ಟರೆ ಸಾಮಾನ್ಯವಾಗಿ ಜನ ಅದನ್ನು ಸ್ವೀಕರಿಸುತ್ತಾರೆ. ನಿಷ್ಠೆ, ಒಲವು, ಯಾರ ಕಡೆಗೆ ನಿಲ್ಲಬೇಕೆಂಬ ಭಾವನೆಗಳು ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ‘ಜನರಿಗೆ ಹೇಳಿ ಪ್ರಯೋಜನವಿಲ್ಲ’ ಎಂದು ಕೈಚೆಲ್ಲಲು ಕಾರಣವಿಲ್ಲ. ಜನರನ್ನು ಇಷ್ಟು ಸುಲಭವಾಗಿ ಕೈಬಿಡಲು ನನಗಂತೂ ಮನಸ್ಸಿಲ್ಲ.

ಅಪರಿಚಿತರನ್ನು ಮಾತನಾಡಿಸಿದರೆ ಯಾರಿಗೂ ಇಷ್ಟವಾಗುವುದಿಲ್ಲ ಎಂದು ನಿಮ್ಮ ತಾಯಿಯವರು ಅಂದದ್ದೂ ಪೂರ್ತಿ ಸರಿಯಲ್ಲ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಶಿಕಾಗೊದ ರೈಲು ಮತ್ತು ಬಸ್ಸುಗಳಲ್ಲಿ ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಪಕ್ಕದವರೊಡನೆ ಮಾತನಾಡುವುದಕ್ಕಿಂತ ಸುಮ್ಮನೆ ಕೂರುವುದೇ ಹಿತ ಎಂದು ಜನ ಊಹಿಸಿದ್ದರು. ಮಾತನಾಡಿದವರೇ ಪ್ರಯಾಣ ಹೆಚ್ಚು ಹಿತವಾಗಿತ್ತು ಎಂದರು. ಅದು ಬೇರೆ ದೇಶ, ಮತ್ತು ಅಲ್ಲಿ ನಡೆದದ್ದು ಪರಿಚಯದ ಮಾತು, ನಂಬಿಕೆಯ ತನಿಖೆಯಲ್ಲ. ಆದರೂ ‘ಯಾವ ಊರಾಯಿತು?’ ಎಂದು ಶುರುವಾದ ಮಾತು ಎರಡು ನಿಲ್ದಾಣ ದಾಟುವಷ್ಟರಲ್ಲಿ ಅಡಿಕೆಯ ದರ, ಕೊಳೆರೋಗ, ಮಗಳ ಮದುವೆಯವರೆಗೆ ಹೋಗುವ ನಮ್ಮ ಕಡೆಯ ಬಸ್ಸುಗಳಲ್ಲಿ ಇದನ್ನು ನಂಬಲು ಯಾರಿಗೂ ಕಷ್ಟವಾಗದು. ಮಾತನಾಡುವುದನ್ನು ಬಿಡಬೇಡಿ.

ಹಾಗಾದರೆ ಹೇಗೆ ಮಾತನಾಡಬೇಕಿತ್ತು? ಅಜ್ಜನ ನಂಬಿಕೆಯನ್ನೇ ಹತ್ತಿರದಿಂದ ನೋಡೋಣ, ಏಕೆಂದರೆ ಅದು ಮೂಢನಂಬಿಕೆ ಎಂದು ತಳ್ಳಿಹಾಕುವಂಥದ್ದಲ್ಲ. ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿಯನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕೊಡುವುದುಂಟು, ಜತೆಗೆ ಎಣ್ಣೆ ಬಿಟ್ಟು ಪಥ್ಯ. ಕೊಟ್ಟ ಮೇಲೆ ಗುಣವಾದವರನ್ನು ಅಜ್ಜ ಕಣ್ಣಾರೆ ಕಂಡಿರುತ್ತಾರೆ, ಸುಳ್ಳು ಹೇಳುತ್ತಿರುವುದಿಲ್ಲ. ‘ಇಂಗ್ಲಿಷ್ ಔಷಧದಲ್ಲಿ ಕಾಮಾಲೆಗೆ ಮದ್ದಿಲ್ಲ’ ಎಂದು ಹಳ್ಳಿಯಲ್ಲಿ ಹೇಳುವ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ಆಸ್ಪತ್ರೆಯಲ್ಲಿಯೂ ವಿಶ್ರಾಂತಿ, ಆಹಾರ, ನಿಗಾ ಇಷ್ಟೇ. ಹೆಚ್ಚಿನವರಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆ ವಾರಗಳಲ್ಲಿ ನೆಲನೆಲ್ಲಿ ಕೊಟ್ಟಿದ್ದರೆ ಗುಣದ ಹೆಸರು ನೆಲನೆಲ್ಲಿಗೆ, ಬೇರೇನು ಕೊಟ್ಟಿದ್ದರೂ ಅದಕ್ಕೆ.

ನಮ್ಮ ತರ್ಕಶಾಸ್ತ್ರ ಇದನ್ನು ಅನ್ವಯ ಮತ್ತು ವ್ಯತಿರೇಕ ಎಂದು ಬಿಡಿಸುತ್ತದೆ. ಔಷಧ ಇದ್ದಲ್ಲಿ ಗುಣ ಇತ್ತು, ಇದು ಅನ್ವಯ. ಔಷಧ ಇಲ್ಲದಲ್ಲಿ ಗುಣ ಇರಲಿಲ್ಲ, ಇದು ವ್ಯತಿರೇಕ. ಎರಡೂ ಸಿಕ್ಕಾಗಲೇ ಕಾರಣದ ಮಾತು ಗಟ್ಟಿಯಾಗುತ್ತದೆ. ಅಜ್ಜನ ಬಳಿ ಅನ್ವಯ ಬೇಕಾದಷ್ಟಿದೆ, ವ್ಯತಿರೇಕ ಇಲ್ಲ. ಔಷಧ ಕೊಡದೆ ಸುಮ್ಮನೆ ಇದ್ದವರನ್ನು ಅವರ ಊರಿನಲ್ಲಿ ಹುಡುಕಿದರೂ ಸಿಗುವುದು ಅಪರೂಪ, ಏಕೆಂದರೆ ಕಾಯಿಲೆ ಬಂದ ಪ್ರತಿ ಮನೆಯಲ್ಲೂ ಏನಾದರೊಂದು ಕೊಟ್ಟೇ ಇರುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ. ಒಂದು ಊರಿನಲ್ಲಿ ಕುಳಿತವರಿಗೆ, ಎಷ್ಟೇ ಜಾಣರಾದರೂ, ಹೋಲಿಕೆಯ ಇನ್ನೊಂದು ಪಕ್ಕ ಕಾಣಸಿಗುವುದಿಲ್ಲ. ಓದಿದವರು ತಮ್ಮ ವಾಸ್ತು ಸಲಹೆಗಾರನ ಬಗ್ಗೆ, ತಾವು ಮೆಚ್ಚಿದ ಶಾಲೆಯ ಬಗ್ಗೆ ಮಾಡುವ ವಾದದಲ್ಲಿಯೂ ಇದೇ ಕೊರತೆ ಇರುತ್ತದೆ.

ಇದು ಗೊತ್ತಿದ್ದರೆ ಮಾತು ಹೀಗೆ ಸಾಗಬಹುದಿತ್ತು, ಪಕ್ಕದವರಿಗೆ ಮಾತ್ರ ಕೇಳಿಸುವ ದನಿಯಲ್ಲಿ:

“ಮೊಮ್ಮಗನಿಗೆ ಎಷ್ಟು ದಿನದಿಂದ, ಅಜ್ಜ?”

“ಐದು ದಿನವಾಯಿತು ತಮ್ಮಾ. ಕಣ್ಣು ಪೂರ್ತಿ ಅರಿಶಿನ.”

“ಊಟ ಮಾಡುತ್ತಾನೆಯೇ? ಜ್ವರ ಇದೆಯೇ?”

“ಜ್ವರ ಬಿಟ್ಟಿದೆ. ಅನ್ನ ಕಂಡರೆ ಮುಖ ತಿರುಗಿಸುತ್ತಾನೆ.”

“ಈ ಔಷಧದಿಂದ ಗುಣವಾದವರನ್ನು ನೀವು ನೋಡಿದ್ದೀರಾ?”

“ನೋಡದೆ ಏನು? ನನ್ನ ತಮ್ಮನಿಗೆ ಇದರಿಂದಲೇ ವಾಸಿಯಾದದ್ದು. ಮೂರು ವಾರ ಪಥ್ಯ ಮಾಡಿದ.”

“ನಿಮಗೆ ಹದಿನಾರಾಣೆ ನಂಬಿಕೆಯೇ, ಅಥವಾ ಹನ್ನೆರಡಾಣೆಯೇ?”

“ಹದಿನಾಲ್ಕಾಣೆ ಎನ್ನು.”

“ಉಳಿದ ಎರಡಾಣೆ?”

“ಎಲ್ಲರ ದೇಹವೂ ಒಂದೇ ರೀತಿ ಇರುವುದಿಲ್ಲವಲ್ಲ.”

ವಿಡಿಯೊಗಳಲ್ಲಿ ‘ಒಂದರಿಂದ ಹತ್ತರೊಳಗೆ ನಿಮ್ಮ ಖಾತ್ರಿ ಎಷ್ಟು?’ ಎಂದು ಕೇಳುವುದನ್ನು ನೀವು ನೋಡಿರುತ್ತೀರಿ. ಕುಡಿತ ಬಿಡಿಸುವ ಆಪ್ತಸಮಾಲೋಚಕರೂ ಇಂಥದೇ ಅಳತೆಗೋಲನ್ನು ಬಳಸುತ್ತಾರೆ. ನಮ್ಮ ಹಿರಿಯರಿಗೆ ಆಣೆಯ ಲೆಕ್ಕ ಹೆಚ್ಚು ಹಿಡಿಸುತ್ತದೆ. ನಂಬುತ್ತೀರೋ ಇಲ್ಲವೋ ಎಂದು ಕೇಳಿದರೆ ಎರಡೇ ದಾರಿ, ಎರಡರಲ್ಲೂ ಒಬ್ಬರು ಸೋಲಬೇಕು. ಎಷ್ಟು ಆಣೆ ಎಂದು ಕೇಳಿದರೆ ಹೆಚ್ಚಿನವರು ಹದಿನಾರು ಎನ್ನುವುದಿಲ್ಲ. ಆ ಬಿಟ್ಟುಹೋದ ಎರಡಾಣೆ ಅವರದೇ ಸಂಶಯ, ನೀವು ತಂದು ತುರುಕಿದ್ದಲ್ಲ. ಗೌತಮನ ನ್ಯಾಯಶಾಸ್ತ್ರ ಸಂಶಯವನ್ನು ತನ್ನ ಹದಿನಾರು ಪದಾರ್ಥಗಳಲ್ಲಿ, ಅಂದರೆ ತಿಳಿಯಬೇಕಾದ ವಿಷಯಗಳಲ್ಲಿ, ಒಂದಾಗಿ ಎಣಿಸುತ್ತದೆ. ಅದಿಲ್ಲದೆ ವಿಚಾರಣೆ ಶುರುವಾಗುವುದೇ ಇಲ್ಲ.

ಅಲ್ಲಿಗೆ ನಿಲ್ಲಿಸಿ. ಇಡೀ ವಿಷಯದಲ್ಲಿ ಕಲಿಯಲು ಅತಿ ಕಷ್ಟವಾದದ್ದು ಈ ನಿಲ್ಲಿಸುವಿಕೆ. ವಿದ್ಯಾರ್ಥಿಗಳಿಗೆ ಪ್ರಶ್ನೆ ಹೂಡುವುದನ್ನು ಒಂದು ವರ್ಷದಲ್ಲಿ ಕಲಿಸಬಹುದು. ಎದುರಿನವರು ಯೋಚನೆಗೆ ಬಿದ್ದ ಕ್ಷಣವನ್ನು ಗುರುತಿಸಿ ಬಾಯಿ ಮುಚ್ಚುವುದನ್ನು ಕಲಿಸಲು ಮೂರು ವರ್ಷವೂ ಸಾಲದು. ಇನ್ನೂ ಒಂದು ಪ್ರಶ್ನೆ ಕೇಳಿದರೆ ಅವರು ಆ ಎರಡಾಣೆಯನ್ನೂ ವಾಪಸು ಎತ್ತಿಟ್ಟುಕೊಳ್ಳುತ್ತಾರೆ.

ನಿಮ್ಮ ಸರದಿಯನ್ನೂ ಮರೆಯಬೇಡಿ. ‘ನನಗೂ ಹೀಗೆ ಒಂದು ನಂಬಿಕೆ ಇತ್ತು, ಅಥವಾ ಇಂದಿಗೂ ಇದೆ, ನೀವೇ ಹೇಳಿ’ ಎಂದು ಎದುರಿಡಿ. 2016ರಲ್ಲಿ ಡೇವಿಡ್ ಬ್ರೂಕ್ಮನ್ ಮತ್ತು ಜೋಶುವಾ ಕಲ್ಲಾ ಅಮೆರಿಕದ ಮಯಾಮಿಯಲ್ಲಿ ನಡೆದ ಪ್ರಯೋಗವೊಂದನ್ನು ಪ್ರಕಟಿಸಿದರು. ಮನೆಬಾಗಿಲಿನಲ್ಲಿ ಅಪರಿಚಿತರು ನಡೆಸಿದ ಸುಮಾರು ಹತ್ತು ನಿಮಿಷದ ಮಾತುಕತೆ ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹವನ್ನು ಕಡಿಮೆ ಮಾಡಿತ್ತು, ಮೂರು ತಿಂಗಳ ನಂತರವೂ ಆ ಬದಲಾವಣೆ ಉಳಿದಿತ್ತು. ಕೆಲಸ ಮಾಡಿದ್ದು ಏನೆಂದು ಅವರೇ ಮುಂದೆ ಪರೀಕ್ಷಿಸಿದಾಗ, ತೀರ್ಪು ನೀಡದೆ ಪರಸ್ಪರರ ಅನುಭವ ಹಂಚಿಕೊಂಡದ್ದೇ ಮುಖ್ಯ ಎಂದು ಕಂಡಿತು. ಬರೀ ವಾದಗಳನ್ನು ಮುಂದಿಟ್ಟ ಮಾತುಕತೆಗಳಿಂದ ಅಂಥ ಫಲ ಸಿಗಲಿಲ್ಲ.

ಈಗ ಆ ಮಗುವಿನ ವಿಷಯ. ಇಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಜೀವಕ್ಕೆ ಅಪಾಯವಿರಬಹುದಾದ ಕಡೆ ಪ್ರಶ್ನೆಗಳ ಆಟ ಬೇಡ, ನೇರವಾಗಿ ಹೇಳಿಬಿಡಿ. ಎಲ್ಲ ಕಾಮಾಲೆಯೂ ತಾನಾಗಿ ವಾಸಿಯಾಗುವ ಜಾತಿಯದಲ್ಲ. ಪಿತ್ತನಾಳ ಕಟ್ಟಿಕೊಂಡರೂ ಕಣ್ಣು ಹಳದಿಯಾಗುತ್ತದೆ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಮಳೆಗಾಲದಲ್ಲಿ ಗದ್ದೆ, ತೋಟದ ನೀರಿನಲ್ಲಿ ಕೆಲಸ ಮಾಡಿದವರಿಗೆ ಬರುವ ಇಲಿ ಜ್ವರದಲ್ಲಿಯೂ ಕಾಮಾಲೆ ಕಾಣಿಸಿಕೊಳ್ಳಬಹುದು. ಅದಕ್ಕೆ ಆಂಟಿಬಯೋಟಿಕ್ ಇದೆ, ತಡಮಾಡಿದರೆ ಮೂತ್ರಪಿಂಡಕ್ಕೇ ಕುತ್ತು. ಹೆಪಟೈಟಿಸ್ ಇ ಗರ್ಭಿಣಿಯರಲ್ಲಿ ಪ್ರಾಣಕ್ಕೆ ಎರವಾಗಬಹುದು. ಮಂಕು ಕವಿಯುವುದು, ನಿಲ್ಲದ ವಾಂತಿ, ರಕ್ತ ಬೀಳುವುದು ಕಂಡರೆ ಒಂದು ಗಂಟೆಯೂ ಕಾಯುವಂತಿಲ್ಲ. ಇದನ್ನೆಲ್ಲ ಬಸ್ಸಿನಲ್ಲಿ ಉಪನ್ಯಾಸ ಮಾಡಬೇಕಿಲ್ಲ. “ಅಜ್ಜ, ಕಾಮಾಲೆಯಲ್ಲಿ ಬೇರೆ ಬೇರೆ ಬಗೆ ಇದೆ. ಯಾವುದೆಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಔಷಧದ ವಿಷಯವನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ” ಎಂದರೆ ಸಾಕು. ಕೆಲವು ಬೇರು, ಸೊಪ್ಪುಗಳು ಯಕೃತ್ತಿಗೇ ಹಾನಿ ಮಾಡುವುದುಂಟು, ಅದಕ್ಕಾಗಿ ಕೊನೆಯ ಮಾತು ಮುಖ್ಯ. ಇಷ್ಟನ್ನು ಯಾರ ಮಾನಕ್ಕೂ ಕುಂದಿಲ್ಲದಂತೆ, ಇಡೀ ಬಸ್ಸು ಕೇಳುವಂತೆ ಹೇಳಿದರೂ ಅಡ್ಡಿಯಿಲ್ಲ. ನಾಲ್ಕು ಜನರಲ್ಲಿ ಇನ್ನೊಬ್ಬರಿಗೂ ಅದು ಬೇಕಾಗಿರಬಹುದು.

ಜಾಗದ ಆಯ್ಕೆಯ ಬಗ್ಗೆಯೂ ಒಂದು ಮಾತು. ಎದುರಿನವರು ಎದ್ದು ಹೋಗಬಲ್ಲ ಜಾಗದಲ್ಲಿ ಮಾತ್ರ ಇಂಥ ಮಾತು ತೆಗೆಯಿರಿ. ಕಡಲತೀರದಲ್ಲಿ ಬೇಡವೆನಿಸಿದವರು ನಾಲ್ಕು ಹೆಜ್ಜೆ ಮುಂದೆ ನಡೆಯಬಹುದು. ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಕುಳಿತವರು ಎಲ್ಲಿಗೆ ಹೋಗಬೇಕು? ಕಾರವಾರದ ಭಾನುವಾರದ ಸಂತೆಯಲ್ಲಿ ಸೊಪ್ಪಿನ ಬುಟ್ಟಿ ಮುಂದಿಟ್ಟುಕೊಂಡು ಕುಳಿತ ಅಕ್ಕನಿಗೂ ಇದೇ ಪಾಡು. ಗಿರಾಕಿ ಎಂದು ಆಕೆ ನಗುನಗುತ್ತ ಉತ್ತರಿಸಬಹುದು, ಆ ನಗು ವ್ಯಾಪಾರದ್ದು, ಒಪ್ಪಿಗೆಯದಲ್ಲ. ಓದು, ಜಾತಿ, ಹಣ ಇವುಗಳ ಬಲ ನಿಮ್ಮ ಕಡೆ ಹೆಚ್ಚಿದ್ದಷ್ಟೂ ನಿಮ್ಮ ಪ್ರಶ್ನೆ ಎದುರಿನವರಿಗೆ ಭಾರವಾಗುತ್ತದೆ. ಮೊದಲೇ ‘ಒಂದು ಕೇಳಬಹುದೇ? ಬೇಡವೆಂದರೆ ಬಿಡುತ್ತೇನೆ’ ಎನ್ನಿ, ಬೇಡವೆಂದರೆ ನಿಜವಾಗಿ ಬಿಡಿ.

ಇದರರ್ಥ ಬಹಿರಂಗವಾಗಿ ಯಾರನ್ನೂ ಪ್ರಶ್ನಿಸಬಾರದು ಎಂದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ 
ಸಮಿತಿ ರಚಿಸಿ, ಪವಾಡಪುರುಷರಿಗೆ ಬಹಿರಂಗ ಸವಾಲು ಹಾಕಿದರು. ಅದು ಸರಿಯಾಗಿಯೇ ಇತ್ತು. ಸಾವಿರಾರು ಜನರ ಮುಂದೆ ಶಕ್ತಿ ಪ್ರದರ್ಶಿಸುವವರು ಸಾವಿರಾರು ಜನರ ಮುಂದೆಯೇ ಉತ್ತರಿಸಬೇಕು. ಹೇಳಿಕೆ ಬಹಿರಂಗವಾಗಿದ್ದರೆ, ಅದರಿಂದ ಹಣವೋ ಅಧಿಕಾರವೋ ಬರುತ್ತಿದ್ದರೆ, ಬಹಿರಂಗ ಪ್ರಶ್ನೆ ನ್ಯಾಯ. ಮೊಮ್ಮಗನಿಗೆ ಔಷಧ ಒಯ್ಯುತ್ತಿದ್ದ ಅಜ್ಜ ಯಾರ ಮುಂದೆಯೂ ಏನನ್ನೂ ಸಾರಿರಲಿಲ್ಲ. ಇನ್ನು ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯಲು ಬಿಡದೆ ಮಂತ್ರ ಹಾಕುತ್ತ ಕೂರುವಂಥ ಪ್ರಕರಣ ಕಂಡರೆ ಮಾತಿನ ಅಗತ್ಯವೇ ಇಲ್ಲ. ರಾಜ್ಯದ 2017ರ ವಾಮಾಚಾರ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಮೊದಲು ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು, ಆಮೇಲೆ ಪೊಲೀಸರಿಗೆ ತಿಳಿಸಬೇಕು.

ಕಾನೂನಿನ ಮಾತು ಬಂದದ್ದರಿಂದ ಇದನ್ನೂ ತಿಳಿದಿರಿ. ವೈಜ್ಞಾನಿಕ ಮನೋಭಾವ, ಮಾನವತೆ, ವಿಚಾರಶೀಲತೆಯನ್ನು ಬೆಳೆಸಿಕೊಳ್ಳುವುದು 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ಮೂಲಭೂತ ಕರ್ತವ್ಯ. ಮಾನವತೆ ಎಂಬ ಮಾತೂ ಅದೇ ಸಾಲಿನಲ್ಲಿದೆ ಎಂಬುದನ್ನು ಗಮನಿಸಿ. ಇನ್ನೊಂದು ಕಡೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ದುರುದ್ದೇಶದಿಂದ ಧಾರ್ಮಿಕ ಭಾವನೆ ಕೆರಳಿಸುವ ಕೃತ್ಯಕ್ಕೆ ಮೂರು ವರ್ಷದವರೆಗೆ ಸಜೆ ಹೇಳುತ್ತದೆ. ಉದ್ದೇಶಪೂರ್ವಕವಾಗಿ ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತಿಗೆ 302ನೇ ಕಲಂ ಒಂದು ವರ್ಷದವರೆಗೆ ಹೇಳುತ್ತದೆ. ಪ್ರಾಮಾಣಿಕವಾಗಿ ಪ್ರಶ್ನೆ ಕೇಳುವುದು ಅಪರಾಧವಲ್ಲ, ಎರಡು ಕಲಮುಗಳಲ್ಲೂ ಉದ್ದೇಶವೇ ಮುಖ್ಯ. ಆದರೆ ದೂರು ಕೊಡುವುದು ಸುಲಭ, ಉದ್ದೇಶವನ್ನು ವಿವರಿಸುತ್ತ ಠಾಣೆ, ಕೋರ್ಟು ಅಲೆಯುವುದು ಕಷ್ಟ. ಜಾತ್ರೆ, ತೇರು, ಪ್ರಾರ್ಥನೆ ನಡೆಯುವ ಜಾಗಗಳಲ್ಲಿ ದೇವರ ವಿಷಯದ ಚರ್ಚೆ ತೆಗೆಯಬೇಡಿ. ಗುಂಪು ಸೇರಿದರೆ ಅಲ್ಲಿಂದ ಎದ್ದು ಬನ್ನಿ, ಮಾತು ಅರ್ಧಕ್ಕೆ ನಿಂತರೂ ನಷ್ಟವಿಲ್ಲ.

ಚಿತ್ರೀಕರಣ ಬೇಡ. ನಾನು ಇಷ್ಟೆಲ್ಲ ಹೇಳಿದ್ದು ಸಭೆಯ ಭಾರದ ಬಗ್ಗೆ. ಮೊಬೈಲ್ ಎಂದರೆ ಎಂದೂ ಚದುರದ ಸಭೆ. ಅಜ್ಜ ಬಸ್ಸು ಇಳಿದರೆ ಆ ಬಸ್ಸಿನವರಿಂದ ಬಿಡುಗಡೆ ಸಿಗುತ್ತದೆ, ವಿಡಿಯೊದಿಂದ ಸಿಗುವುದಿಲ್ಲ. ಅವರ ಮೊಮ್ಮಕ್ಕಳ ಶಾಲೆಯವರೆಗೂ ಅದು ಹೋಗುತ್ತದೆ. ಮುಂಚೆ ಒಪ್ಪಿಗೆ ಪಡೆದೇ ಚಿತ್ರೀಕರಿಸುವವರಿದ್ದಾರೆ ಎಂದು ನೀವು ಹೇಳಬಹುದು. ಎಷ್ಟು ಜನ ನೋಡುತ್ತಾರೆ, ಕೆಳಗೆ ಏನೇನು ಬರೆಯುತ್ತಾರೆ ಎಂಬ ಅಂದಾಜಿಲ್ಲದೆ ಹಿರಿಯರು ಕೊಟ್ಟ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದು ಎಣಿಸಲಾರೆ. ಕ್ಯಾಮೆರಾ ಮುಂದೆ ನೀವೂ ಬದಲಾಗುತ್ತೀರಿ. ಚೆನ್ನಾಗಿ ಕಾಣುವ ಪ್ರಶ್ನೆ ಬಾಯಿಗೆ ಬರುತ್ತದೆ, ಬೇಕಾದ ಪ್ರಶ್ನೆ ಹಿಂದೆ ಉಳಿಯುತ್ತದೆ.

ಚರ್ಚೆಯ ಹಸಿವು ಇದರಿಂದ ತೀರದಿದ್ದರೆ, ಬಯಸಿ ಬಂದವರ ಕೂಟ ಕಟ್ಟಿ. 1992ರಲ್ಲಿ ಮಾರ್ಕ್ ಸೋಟೆ ಎಂಬ ತತ್ತ್ವಶಾಸ್ತ್ರಜ್ಞ ಪ್ಯಾರಿಸ್ಸಿನ ಒಂದು ಕಾಫಿ ಹೋಟೆಲಿನಲ್ಲಿ ಭಾನುವಾರದ ಬೆಳಗ್ಗೆ ಯಾರು ಬೇಕಾದರೂ ಬಂದು ಕೂರಬಹುದಾದ ತತ್ತ್ವಚರ್ಚೆ ಶುರುಮಾಡಿದರು, ಅದು ಹಲವು ದೇಶಗಳಿಗೆ ಹಬ್ಬಿತು. ಕಾರವಾರದಲ್ಲಿ ಮಳೆ ಇಲ್ಲದ ತಿಂಗಳುಗಳಲ್ಲಿ ಕಡಲತೀರವಿದೆ, ಮಳೆಗಾಲದಲ್ಲಿ ಯಾರದಾದರೂ ಮನೆಯ ಜಗುಲಿ ಸಾಕು. ಬಂದವರೆಲ್ಲರೂ ಸರದಿಯ ಮೇಲೆ ತಮ್ಮದೊಂದು ನಂಬಿಕೆಯನ್ನು ಪರಿಶೀಲನೆಗೆ ಇಡಬೇಕು, ಕೂಟ ಕರೆದವರು ಮೊದಲು ಇಡಬೇಕು. ಆರೇಳು ಜನಕ್ಕಿಂತ ಹೆಚ್ಚು ಬೇಡ, ಹೆಚ್ಚಾದರೆ ಅರ್ಧ ಜನ ಪ್ರೇಕ್ಷಕರಾಗುತ್ತಾರೆ. ನಂಬಿಕಸ್ಥರು, ಸಂಶಯವಾದಿಗಳು ಎರಡೂ ಕಡೆಯವರು ಇರಲಿ. ನಿಮ್ಮ ತಾಯಿಯವರನ್ನೂ ಒಂದು ದಿನ ಕರೆಯಿರಿ. ಬೇರೆಯವರ ವಿಷಯದಲ್ಲಿ ಎಲ್ಲಿಯವರೆಗೆ ತಲೆ ಹಾಕಬಹುದು ಎಂಬ ಅವರ ಪ್ರಶ್ನೆಯನ್ನೇ ಮೊದಲ ದಿನದ ವಿಷಯವಾಗಿ ಎತ್ತಿಕೊಳ್ಳಬಹುದು.